ಐದು ಅಡಿ ಬಿಟ್ಟು

ಲಕ್ಷ್ಮೀಪುರಂ, ಮೈಸೂರು
9 ನವೆಂಬರ್ 1958

ಕಾಳಯ್ಯ,

…ಗೋಡೆ ಒಂದೇ ಆದರೆ ಸುಣ್ಣ ಬಳಿಯುವವರು ಯಾರು ಎಂದೋ, ಈ ಕಡೆ ಮೊಳೆ ಹೊಡೆದರೆ ಆ ಕಡೆ ಮಲಗಿದವರಿಗೆ ಎಚ್ಚರವಾಗುವುದಿಲ್ಲವೇ ಎಂದೋ, ನಿಮ್ಮವ್ವ ಆ ದಿನ ಸೈಟಿನಲ್ಲಿ ನಿಂತು ಏನೋ ಕೇಳಿದರಲ್ಲ, ಅದು ಪೂರ್ತಿಯಾಗಿ ನೆನಪಿಗೆ ಬರುತ್ತಿಲ್ಲ. ನೀನು ನಕ್ಕದ್ದು ಮಾತ್ರ ನೆನಪಿದೆ. ನಿನ್ನೆ ಬಡಾವಣೆಯ ಕಚೇರಿಯ ಬೆಂಚಿನ ಮೇಲೆ ಕೂತಿದ್ದಾಗ ಅದನ್ನೇ ಹುಡುಕುತ್ತಿದ್ದೆ. ಬಹಳ ಹೊತ್ತು ಕೂರಿಸಿದರು.

ನಮ್ಮ ನಕ್ಷೆ ತಿರಸ್ಕೃತವಾಯಿತು. ಗಾಬರಿಯಾಗಬೇಡ, ಪೂರ್ತಿ ಓದು. ನಾನು ಶಾಲೆಯ ಗ್ರಾಫ್ ಹಾಳೆಯ ಮೇಲೆ ಬರೆದದ್ದನ್ನು ಓವರ್ಸಿಯರ್ ಶಿವಲಿಂಗಯ್ಯನವರು ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, "ಏನ್ ಮೇಷ್ಟ್ರೇ, ಎರಡು ಸೈಟಿಗೆ ಒಂದೇ ಮನೆ ಬರ್ಕೊಂಡು ಬಂದಿದೀರಿ!" ಎಂದರು.

"ಎರಡೇ ಸಾರ್. ನಡುಗೋಡೆ ಒಂದು. ಊರ ಕಡೆ ಹೀಗೇ ಕಟ್ಟೋದು."

"ಊರ ಕಡೆ ಕಟ್ಟೋ ಹಾಗಿದ್ರೆ ನಾವ್ಯಾಕ್ರೀ ಇಲ್ಲಿ ಕೂತಿರೋದು? ಮನೆ ನಿಮ್ದು, ಗಾಳಿ ಎಲ್ರುದೂ ಕಣ್ರೀ."

ಆಮೇಲೆ ನಿಯಮಗಳ ಪುಸ್ತಕ ತೆಗೆದು, ಶಾಲೆಯಲ್ಲಿ ನಾನು ದಡ್ಡ ಹುಡುಗರಿಗೆ ಹೇಳುವಷ್ಟೇ ತಾಳ್ಮೆಯಿಂದ ಹೇಳಿದರು. ಸೈಟಿನ ಗಡಿಯಿಂದ ಎರಡೂ ಪಕ್ಕಕ್ಕೆ ಐದೈದು ಅಡಿ ಖಾಲಿ ಬಿಡಬೇಕು. ಮುಂದೆ ಅದಕ್ಕಿಂತ ಹೆಚ್ಚು. ಪಾಯಿಖಾನೆ ಹಿಂದಿನ ಮೂಲೆಗೆ. ಬಾವಿ ಅದರಿಂದ ದೂರ, ಗಡಿಯಿಂದಲೂ ದೂರ. ನಾನು ಎದ್ದು ಹೊರಡುವವನಿದ್ದೆ. ಆಗ ಅವರೇ ಒಂದು ಹಾಳೆ ತಿರುಗಿಸಿ, ಇನ್ನೊಂದು ದಾರಿಯೂ ಇದೆ ಎಂದರು. ಪಕ್ಕಪಕ್ಕದ ಇಬ್ಬರು ನಿವೇಶನದಾರರು ಕೂಡಿ ಒಂದೇ ಅರ್ಜಿ, ಒಂದೇ ನಕ್ಷೆ ಕೊಟ್ಟರೆ ನಡುಗೋಡೆ ಒಂದೇ ಇರಬಹುದು. ಬಾವಿ ಗಡಿಯ ಮೇಲೆಯೇ ಇರಬಹುದು. ಆದರೆ ಇಬ್ಬರೂ ರುಜು ಹಾಕಬೇಕು. ಮುಂದೆ ಒಬ್ಬನಿಗೆ ಬೇಡವೆನಿಸಿದರೂ ಇನ್ನೊಬ್ಬನ ಒಪ್ಪಿಗೆಯಿಲ್ಲದೆ ಗೋಡೆ ಒಡೆಯುವಂತಿಲ್ಲ, ಬಾವಿ ಮುಚ್ಚುವಂತಿಲ್ಲ. ಮಕ್ಕಳ ಕಾಲಕ್ಕೂ ಹಾಗೇ.

"ಯೋಚನೆ ಮಾಡಿ. ಅಣ್ಣತಮ್ಮಂದಿರೇ ಇದಕ್ಕೆ ಹೆದರ್ತಾರೆ" ಎಂದರು ಶಿವಲಿಂಗಯ್ಯನವರು.

ನಾವು ಅಣ್ಣತಮ್ಮಂದಿರಲ್ಲ, ಆದ್ದರಿಂದ ಹೆದರಿಕೆಯಿಲ್ಲ ಎಂದೆ. ಅವರಿಗೆ ಅದು ತಮಾಷೆ ಅನ್ನಿಸಲಿಲ್ಲ.

ಜಂಟಿ ಅರ್ಜಿಯ ಹಾಳೆ ಇದರ ಜೊತೆ ಇದೆ. ನಿನ್ನ ರುಜು ಹಾಕಿ ಕಳಿಸು. ಊರಿನಿಂದ ಸುದ್ದಿ: ನಮ್ಮಣ್ಣ ಜವರಣ್ಣ ನನ್ನ ಮನೆಯ ಮಾಡಿಗೆಂದು ಹೊಲದ ಹೊನ್ನೆಮರವನ್ನೇ ಕಡಿಸಿದ್ದಾನೆ. ಅಪ್ಪನ ಕಾಲದ ಮರ. ನಾನು ಕೇಳಿರಲಿಲ್ಲ.

ನಿನ್ನ
ಬಸವರಾಜು

*

ಶಿವಮೊಗ್ಗ
23 ನವೆಂಬರ್ 1958

ಬಸವ,

ರುಜು ಹಾಕಿದ ಹಾಳೆ ಇದರಲ್ಲಿದೆ. ತಾಲ್ಲೂಕು ಕಚೇರಿಯಲ್ಲಿ ದಿನವಿಡೀ ಪರರ ಜಮೀನಿಗೆ ರುಜು ಹಾಕುವ ಶಿರಸ್ತೇದಾರನಿಗೆ ತನ್ನ ಗೋಡೆಗೆ ಹಾಕುವಾಗ ಲೇಖನಿಯನ್ನು ಎರಡೆರಡು ಸಲ ಅದ್ದಬೇಕಾಯಿತು. ಮಸಿ ಸ್ವಲ್ಪ ಹರಡಿದೆ. ನಿನ್ನ ಶಿವಲಿಂಗಯ್ಯನವರು ಕೇಳಿದರೆ ಮಳೆಹನಿ ಅನ್ನು.

ಅವ್ವ ಕೇಳಿದ್ದು ಮೊಳೆಯ ವಿಷಯವೂ ಅಲ್ಲ, ಸುಣ್ಣದ ವಿಷಯವೂ ಅಲ್ಲ. ಏನೆಂದು ನನಗೂ ಈಗ ನೆನಪಿಲ್ಲ, ಅವಳಿಗೂ ಇಲ್ಲ. "ನಾನ್ ಎಲ್ಲಾ ಕೇಳ್ತೀನಿ, ನೀವ್ ಯಾವ್ದುಕ್ ಉತ್ರ ಕೊಟ್ಟೀರಿ" ಎನ್ನುತ್ತಾಳೆ. ಈಗ ಅವಳ ತಲೆಯಲ್ಲಿ ಇರುವುದು ಬಾವಿ ಒಂದೇ. ಗಡಿಯ ಮೇಲೆ ಎಂದರೆ ಹೇಗೆ, ಅರ್ಧ ನೀರು ಆ ಕಡೆ ಅರ್ಧ ಈ ಕಡೆಯೋ? ರಾಟೆ ಯಾರ ಕಡೆಗೆ? ಬೆಳಗ್ಗೆ ಮೊದಲು ಯಾರು ಸೇದಬೇಕು? ಮೊದಲು ಎದ್ದವರು ಎಂದೆ. "ಹಂಗಾರೆ ನಾನೇಯ" ಎಂದಳು.

ನೀನು ಊರಿನಲ್ಲಿ ಕಂಡಿದ್ದೀಯ, ಬರೆಯುವ ಅಗತ್ಯವಿಲ್ಲ. ಆದರೂ ಬರೆಯುತ್ತೇನೆ. ಅವಳು ಹುಟ್ಟಿದಂದಿನಿಂದ ಒಂದು ಬಾವಿಗೆ ಹಗ್ಗ ಇಳಿಸಿದವಳಲ್ಲ. ನಿಮ್ಮ ಬಾವಿಯ ಕಟ್ಟೆಯಿಂದ ದೂರ ಮಡಕೆ ಇಟ್ಟು ನಿಂತು, ಯಾರಾದರೂ ಮನಸ್ಸು ಮಾಡಿ ಸುರಿಯುವವರೆಗೆ ಕಾದವಳು. ಇಲ್ಲಿ ಬೀದಿಯಲ್ಲಿ ನಲ್ಲಿ ಇದೆ. ಅದರ ಕೆಳಗೆ ಬಿಂದಿಗೆ ಇಟ್ಟು, ತಿರುಪು ತಿರುಗಿಸಿ, ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನಿಲ್ಲುತ್ತಾಳೆ. ನಲ್ಲಿಗೆ ಜಾತಿ ಗೊತ್ತಿಲ್ಲ ಅವ್ವ ಎಂದರೆ, "ನನ್ ಕಾಲ್ಗೆ ಗೊತ್ತದಲ್ಲ" ಎನ್ನುತ್ತಾಳೆ.

ನಾನು ಕೇಳಬೇಕೆಂದಿರುವುದು ಇಷ್ಟೇ. ಜವರಣ್ಣನಿಗೆ ನಕ್ಷೆ ತೋರಿಸಿದ್ದೀಯಾ?

ಕಾಳಯ್ಯ

*

ಲಕ್ಷ್ಮೀಪುರಂ, ಮೈಸೂರು
20 ಜನವರಿ 1959

ಕಾಳಯ್ಯ,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಪರೀಕ್ಷೆ, ಮಾರ್ಕು, ಮತ್ತೆ ಹಬ್ಬ. ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ನಕ್ಷೆಯನ್ನು ತೋರಿಸಿದೆ.

ಜವರಣ್ಣ ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದ. ಸರಿಮಾಡಿ ಕೊಟ್ಟೆ. ಅಡುಗೆಮನೆ ಯಾವುದು, ದೇವರ ಗೂಡು ಯಾವುದು ಎಂದು ಕೇಳಿದ. ನಡುಗೋಡೆಯ ಗೆರೆಯ ಮೇಲೆ ಬೆರಳಿಟ್ಟು, "ಇದು ಯಾರ್ದು?" ಎಂದ. ಇಬ್ಬರದೂ ಎಂದೆ. ಬೆರಳು ಹಾಗೇ ಹಿಂದಕ್ಕೆ ಸರಿದು ಬಾವಿಯ ಸುತ್ತಿನ ಮೇಲೆ ನಿಂತಿತು. "ಇದೂವ?" ಎಂದ. ಹೌದು ಎಂದೆ. ನಕ್ಷೆಯನ್ನು ಸುರುಳಿ ಸುತ್ತಿ ಕೊಟ್ಟು, "ಮರ ಇನ್ನೂ ಹಸಿ ಅದೆ ಕಣಪ್ಪ, ಒಣಗ್ಲಿ" ಎಂದ. ಊಟಕ್ಕೆ ಎದ್ದೆವು.

ಇಷ್ಟೇ ನಡೆದದ್ದು. ಅವನು ಬೇಡ ಎನ್ನಲಿಲ್ಲ. ನೀನು ಇದನ್ನು ಬೇರೆ ರೀತಿ ಓದಬಾರದು. ಹಿಂದಿರುಗುವಾಗ ಬಸ್ಸಿನಲ್ಲಿ, ಬೇಡ ಎನ್ನದವನಿಗೆ ನಾನು ಏನು ಉತ್ತರ ಕೊಡಬೇಕಿತ್ತು ಎಂದು ಯೋಚಿಸುತ್ತಿದ್ದೆ. ಮರ ಒಣಗಲು ಕಾಲ ಬೇಕೆಂಬುದೂ ನಿಜ.

ಹಾಳೆಗೆ ನನ್ನ ರುಜು ಈ ವಾರ ಹಾಕುತ್ತೇನೆ. ಸೈಟು ಕೊಟ್ಟ ದಿನದಿಂದ ಎರಡು ವರ್ಷದೊಳಗೆ ಕಟ್ಟದಿದ್ದರೆ ವಾಪಸು ತೆಗೆದುಕೊಳ್ಳುತ್ತಾರೆಂದು ಹಂಚಿಕೆ ಪತ್ರದಲ್ಲಿದೆ, ಅದನ್ನು ಮರೆತಿಲ್ಲ.

ನಿನ್ನ
ಬಸವರಾಜು

*

ಊರಿನಿಂದ
ತಾರೀಖು 11-2-59

ಮೈಸೂರಲ್ಲಿ ಮೇಷ್ಟ್ರ ಕೆಲಸದಲ್ಲಿರುವ ತಮ್ಮ ಬಸವರಾಜುವಿಗೆ ಜವರಯ್ಯನ ಆಶೀರ್ವಾದ. ನಾವು ಚೆನ್ನಾಗಿದ್ದೇವೆ.

ನೀನು ಬಂದೋದ್ ಮ್ಯಾಲೆ ನಂಗೆ ನಿದ್ದೆ ಸರ್ಯಾಗಿಲ್ಲ. ಹೊನ್ನೆ ಮರ ಕುಯ್ಸಿ ತೊಲೆ ಜಂತಿ ಎಲ್ಲಾ ಆಗದೆ. ಗಾಡಿಗೆ ಹೇರೋದೊಂದೇ ಬಾಕಿ. ಕಾಳಯ್ಯ ಒಳ್ಳೇವ್ನೆ ಕಣಪ್ಪ. ಅವ್ನಷ್ಟು ಓದ್ದೋನು ನಮ್ಮೋರಲ್ಲಿ ಯಾರವ್ರೆ? ನಂಗೇನೂ ಇಲ್ಲ. ನಾನ್ ಅಂತೋನಲ್ಲ ಅಂತ ನಿಂಗೇ ಗೊತ್ತು. ಆದ್ರೆ ಅವ್ರವ್ವ ಬೆಟ್ಟಿ ಹಗ್ಗ ಬುಟ್ಟ ಬಾವಿ ನೀರ ನಾಳೆ ನಮ್ ರಮಾಮಣಿ ನೋಡಾಕ್ ಬಂದೋರು ಮುಟ್ದೆ ಎದ್ದೋದ್ರೆ ನೀನ್ ಯಾವ ಕಾನೂನ್ ಪುಸ್ತಕ ತೋರ್ಸೀಯೆ? ನಿಂಗಿರೋದು ಒಬ್ಳೇ ಮಗಳು. ಗ್ವಾಡೆ ಒಂದು ಅಂದ್ರೆ ಸಾವು ನೋವು ಮೈಲ್ಗೆ ಎಲ್ಲಾ ಒಂದು. ಮಕ್ಕಳ ಕಾಲ್ಕೂ ಬುಡಂಗಿಲ್ಲ ಅಂತ ನೀನೇ ಓದ್ ಹೇಳ್ದೆ.

ಕಚೇರಿಯೋರೇ ಐದಡಿ ಬುಡು ಅಂತವ್ರಲ್ಲ. ಬುಟ್ಬುಡು. ಯಾರ್ಗೂ ಬ್ಯಾಸ್ರ ಇಲ್ಲ, ಕಾನೂನು ಅಂದ್ರಾಯ್ತು. ಕಾಳಯ್ಯನೂ ಸರ್ಕಾರ್ದೋನೇ, ಅರ್ಥ ಮಾಡ್ಕತನೆ.

ಮರ ನಾನ್ ಕೊಟ್ಟಿದ್ದು ವಾಪಸ್ ಕೇಳೋನಲ್ಲ. ಹೆಂಗಾರ ಕಟ್ಕೊ. ಆದ್ರೆ ಹಂಗೇ ಕಟ್ಟೀಯೆ ಅಂದ್ರೆ ನಾನ್ ಆ ಮನೆಗೆ ಬಂದು ನೀರ್ ಕುಡ್ಯಾಕಾಗಲ್ಲ. ಇದ ಬರೀಬ್ಯಾಡ ಚಾಮಯ್ಯ. ಬರ್ದ್ಬುಟ್ಯಾ? ಹೋಗ್ಲಿ ಬುಡು, ಇರ್ಲಿ.

ಇಂತಿ ಜವರಯ್ಯನ ಹೆಬ್ಬೆಟ್ಟು

(ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ. ತಾವು ಅನ್ಯಥಾ ಭಾವಿಸಬಾರದು. ಚಾಮಯ್ಯ, ಪ್ರೈಮರಿ ಶಾಲೆ.)

*

ಲಕ್ಷ್ಮೀಪುರಂ, ಮೈಸೂರು
17 ಏಪ್ರಿಲ್ 1959

ಪ್ರಿಯ ಕಾಳಯ್ಯ,

ನಿನ್ನ ಎರಡು ಕಾರ್ಡುಗಳೂ ತಲುಪಿವೆ. ಬರೆಯದಿದ್ದುದಕ್ಕೆ ಕಾರಣ ವಿಶೇಷವೇನಿಲ್ಲ, ಓಡಾಟ.

ಕಚೇರಿಗೆ ಮತ್ತೆ ಹೋಗಿದ್ದೆ. ಜಂಟಿ ಅರ್ಜಿ ಎಂದರೆ ಕಡತ ಮೇಲಿನವರ ತನಕ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯಬಹುದು ಎಂದರು. ಇತ್ತ ಅವಧಿ ಮೀರುತ್ತಿದೆ. ನೀನು ದೂರ ಇರುವುದರಿಂದ ಪ್ರತಿಯೊಂದಕ್ಕೂ ಕಾಗದ ಹೋಗಿ ಬರಬೇಕು. ಎಲ್ಲ ಯೋಚಿಸಿ, ಸದ್ಯಕ್ಕೆ ನನ್ನ ಸೈಟಿಗೆ ಮಾತ್ರ ಅರ್ಜಿ ಕೊಟ್ಟಿದ್ದೇನೆ. ಲೈಸೆನ್ಸ್ ಇರುವ ನಕ್ಷೆಗಾರನಿಂದ ಹೊಸ ನಕ್ಷೆ ಬರೆಸಿ, ಎರಡೂ ಪಕ್ಕಕ್ಕೆ ಐದೈದು ಅಡಿ ಬಿಟ್ಟಾಗಿದೆ. ಮೊನ್ನೆ ಮಂಜೂರಾಯಿತು. ನಿಯಮ ಹಾಗಿದೆ.

ನೀನೂ ನಿನ್ನದಕ್ಕೆ ಹಾಗೇ ಕೊಡಬಹುದು. ನನ್ನದು ಐದು, ನಿನ್ನದು ಐದು ಸೇರಿದರೆ ನಡುವೆ ಹತ್ತು ಅಡಿ. ಒಳ್ಳೆಯ ಗಾಳಿ, ಬೆಳಕು. ಈ ನಿಯಮಗಳನ್ನು ಮಾಡಿದವರು ಆರೋಗ್ಯವನ್ನು ದೃಷ್ಟಿಯಲ್ಲಿಟ್ಟುಕೊಂಡೇ ಮಾಡಿದ್ದಾರೆ. ಹಿಂದೆ ಪ್ಲೇಗು ಬಂದಾಗ ಒಂದಕ್ಕೊಂದು ಅಂಟಿದ ಮನೆಗಳಿಂದ ಎಷ್ಟು ಸಾವಾಯಿತೆಂದು ಶಿವಲಿಂಗಯ್ಯನವರು ಹೇಳುತ್ತಿದ್ದರು. ನಡುವೆ ಒಂದು ಸಾಲು ಮಲ್ಲಿಗೆ ಹಾಕಬಹುದು. ಬಾವಿಯನ್ನು ಅವರವರ ಹಿತ್ತಲಲ್ಲಿ ತೋಡಿಕೊಂಡರಾಯಿತು.

ನಿಮ್ಮವ್ವನಿಗೆ ನನ್ನ ನಮಸ್ಕಾರ ತಿಳಿಸು. ಮನೆಯಲ್ಲಿ ವಸಂತಾ ನಿಮ್ಮನ್ನೆಲ್ಲ ಕೇಳಿದಳು.

ನಿನ್ನ
ಬಸವರಾಜು

*

ಶಿವಮೊಗ್ಗ
6 ಮೇ 1959

ಬಸವರಾಜು,

ನಿಯಮ ಹಾಗಿದೆ ಎಂದು ಬರೆದಿದ್ದೀಯ. ನಿಯಮ ಎರಡು ಥರ ಇತ್ತು. ಎರಡನ್ನೂ ನನಗೆ ಬಿಡಿಸಿ ಹೇಳಿದವನು ನೀನೇ.

ಕಡತ ಎಷ್ಟು ದಿನ ಎಲ್ಲಿ ಮಲಗುತ್ತದೆ ಎನ್ನುವುದನ್ನು ಕಡತಗಳ ನಡುವೆಯೇ ಬದುಕುವವನಿಗೆ ಹೇಳಬೇಕಾಗಿರಲಿಲ್ಲ. ಪ್ಲೇಗಿನವರೆಗೂ ಹೋಗಬೇಕಾಗಿರಲಿಲ್ಲ. ಸಂಕ್ರಾಂತಿಯ ಕಾಗದದಲ್ಲೇ ನೀನು ಎಲ್ಲವನ್ನೂ ಬರೆದಿದ್ದೆ. ಜವರಣ್ಣನ ಬೆರಳು ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನು. ಅಷ್ಟು ಚೆನ್ನಾಗಿ ಬರೆದವನು ಮುಂದಿನ ಒಂದು ವಾಕ್ಯ ಬರೆಯುತ್ತೀಯೆಂದು ಮೂರು ತಿಂಗಳು ಕಾದೆ.

ನೀನು ಬೇಡ ಎಂದಿದ್ದರೆ ನಿನ್ನ ಜೊತೆ ಜಗಳವಾಡಬಹುದಿತ್ತು. ರೈಲು ಹತ್ತಿ ಬಂದು ನಿನ್ನ ಬಾಗಿಲಲ್ಲಿ ನಿಂತು ಬೈಯಬಹುದಿತ್ತು. ನೀನೂ ಬೈಯುತ್ತಿದ್ದೆ, ಆಮೇಲೆ ಇಬ್ಬರೂ ಕಾಫಿ ಕುಡಿಯುತ್ತಿದ್ದೆವೋ ಇಲ್ಲವೋ, ಒಂದು ಇತ್ಯರ್ಥವಾದರೂ ಆಗುತ್ತಿತ್ತು. ಐದು ಅಡಿ ನೆಲದ ಜೊತೆ ಹೇಗೆ ಜಗಳವಾಡಲಿ?

ನಾನು ಒಂಟಿಯಾಗಿ ಅರ್ಜಿ ಕೊಡುವುದಿಲ್ಲ. ಸೈಟನ್ನು ವಾಪಸು ಮಾಡುವುದಾಗಿ ಬರೆದು ಕಳಿಸಿದ್ದೇನೆ. ಸಿಟ್ಟಿನಿಂದ ಅಲ್ಲ. ಸುತ್ತ ಜಾಗ ಬಿಟ್ಟುಕೊಂಡು ಒಂದು ಮನೆ ಕಟ್ಟುವುದಾದರೆ ಅದನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ಅದಕ್ಕೆ ಮೈಸೂರೇ ಆಗಬೇಕೆಂದಿಲ್ಲ, ನೀನು ಪಕ್ಕದಲ್ಲಿರಬೇಕೆಂದೂ ಇಲ್ಲ. ಊರಿನಲ್ಲಿಯೂ ನಿಮಗೂ ನಮಗೂ ನಡುವೆ ಜಾಗ ಬಿಟ್ಟೇ ಕಟ್ಟಿದ್ದರು. ಅಲ್ಲಿ ಅಳತೆ ಬರೆದಿಟ್ಟಿರಲಿಲ್ಲ, ಅಷ್ಟೇ.

ಅವ್ವನಿಗೆ ಹೇಳಲೇಬೇಕಾಯಿತು. ಕಾನೂನು ಬದಲಾಗಿದೆ, ಸರ್ಕಾರದವರು ಒಂದೇ ಬಾವಿ ಕೂಡದು ಎಂದಿದ್ದಾರೆ ಎಂದೆ. ಓದಿದ ಮಗ ಹೇಳಿದರೆ ಅದು ಕಾನೂನೇ. "ಹಂಗಾರೆ ಯಾರ್ ತಾನೇ ಏನ್ ಮಾಡಾರು ಬುಡು. ಪಾಪ, ಬಸವರಾಜು ಬುದ್ಧಿಗೆ ಎಷ್ಟ್ ಬ್ಯಾಸ್ರ ಆಗದ್ಯೋ. ಬ್ಯಾಸ್ರ ಮಾಡ್ಕಬ್ಯಾಡಿ ಅಂತ ಬರಿ" ಎಂದಳು.

ಬರೆದಿದ್ದೇನೆ.

ನನ್ನ ರುಜು ಇರುವ ಹಾಳೆಯನ್ನು ಹರಿದುಹಾಕು.

ಕಾಳಯ್ಯ

*

ಹೊಸ ಬಡಾವಣೆ, ಮೈಸೂರು
27 ಮಾರ್ಚ್ 1960

ಪ್ರಿಯ ಕಾಳಯ್ಯ,

ಗೃಹಪ್ರವೇಶದ ಆಹ್ವಾನ ಪತ್ರಿಕೆ ತಲುಪಿರಬೇಕು. ಅದಕ್ಕೆ ಮುಂಚಿನ ಮೂರು ಕಾಗದಗಳೂ.

ಮನೆ ಚೆನ್ನಾಗಿದೆ ಎಂದು ಬಂದವರೆಲ್ಲ ಹೇಳಿದರು. ಹೊನ್ನೆಯ ಜಂತಿಗಳನ್ನು ನೋಡಿ ತಲೆ ಮೇಲೆತ್ತಿಯೇ ಓಡಾಡಿದರು. ಜವರಣ್ಣ ಬಂದಿದ್ದ. ಒಳಗೆ ಬಂದವನೇ ವಸಂತಾಳ ಕೈಯಿಂದ ನೀರು ಇಸಿದುಕೊಂಡು, ಎಲ್ಲರಿಗೂ ಕಾಣುವ ಹಾಗೆ ನಿಂತು ಕುಡಿದ. ಆ ನೀರು ಬೀದಿಯ ನಲ್ಲಿಯದು. ಯಾಕೆಂದರೆ ಹಿತ್ತಲಲ್ಲಿ, ಗಡಿಯಿಂದಲೂ ಪಾಯಿಖಾನೆಯಿಂದಲೂ ದೂರ ಹುಡುಕಿ ಹುಡುಕಿ ತೋಡಿಸಿದ ಬಾವಿಯಲ್ಲಿ ಬಂಡೆ ಸಿಕ್ಕಿತು. ಸಿಡಿಮದ್ದು ಇಟ್ಟರೆ ಗೋಡೆ ಬಿರಿಯುತ್ತದೆ ಎಂದರು. ಹಾಗೇ ಹಲಗೆ ಮುಚ್ಚಿದ್ದೇವೆ.

ಆ ಐದು ಅಡಿಯ ಕಡೆಗೆ ಒಂದು ಕಿಟಕಿ ಇಡಿಸಿದ್ದೆ. ಅಲ್ಲಿಂದ ನಿನ್ನ ಸೈಟು ಕಾಣುತ್ತದೆ. ತುಂಬೆ ಗಿಡ ಬೆಳೆದಿದೆ. ಯಾರದೋ ಎಮ್ಮೆ ಬಂದು ಮಲಗುತ್ತದೆ. ನೀನು ಮನಸ್ಸು ಬದಲಾಯಿಸಿದ್ದರೆ ಎಂದು, ಸಂಕ್ರಾಂತಿಯ ತನಕ ಕಚೇರಿಯಲ್ಲಿ ವಿಚಾರಿಸದೆ ಇದ್ದೆ. ಆಮೇಲೆ ವಿಚಾರಿಸಿದೆ. ವಾಪಸಾತಿ ಅಂಗೀಕಾರವಾಗಿ ಬಹಳ ಕಾಲವಾಗಿದೆ ಎಂದರು ಶಿವಲಿಂಗಯ್ಯನವರು. "ನಿಮ್ಮ ಸ್ನೇಹಿತರು ಅವಸರ ಮಾಡಿದ್ರು ಮೇಷ್ಟ್ರೇ. ಜಂಟಿ ಅರ್ಜಿ ಒಂದು ತಿಂಗಳ ಕೆಲಸ ಅಷ್ಟೇ" ಎಂದರು. ಹೂಂ ಎಂದೆ.

ನಿನ್ನ ರುಜು ಇರುವ ಹಾಳೆಯನ್ನು ಹರಿದಿಲ್ಲ. ಅದಕ್ಕೆ ನನ್ನ ರುಜು ಹಾಕಿದ್ದೇನೆಂದು ಬರೆಯಲು ಆಸೆ. ಆದರೆ ಈಗ ಹಾಕಿದರೆ ಅದು ಎಂಥ ರುಜು?

ನಿನ್ನ
ಬಸವರಾಜು

*

ಹೊಸ ಬಡಾವಣೆ, ಮೈಸೂರು
13 ನವೆಂಬರ್ 1960

ಕಾಳಯ್ಯ,

ನಿನಗೆ ವರ್ಗವಾಗಿದೆಯೆಂದು ಕೇಳಿದೆ. ಸಾಗರ ಎಂದು ಒಬ್ಬರು, ಕಡೂರು ಎಂದು ಇನ್ನೊಬ್ಬರು ಹೇಳಿದರು. ಹಳೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ತಲುಪದಿದ್ದರೆ ಅದೂ ಒಂದು ಉತ್ತರವೆಂದುಕೊಳ್ಳುತ್ತೇನೆ.

ನಿನ್ನ ಸೈಟು ಈಗ ಚೆಲುವಯ್ಯ ಎಂಬುವರಿಗೆ ಆಗಿದೆ. ಸಹಕಾರ ಸಂಘದಲ್ಲಿ ಗುಮಾಸ್ತರು, ನಮ್ಮ ಊರಿನ ಪಕ್ಕದವರು, ನಮ್ಮವರೇ. ನಗುಮುಖದ ಮನುಷ್ಯ. ಬಂದ ದಿನವೇ ತುಂಬೆ ಗಿಡ ಕೀಳಿಸಿದರು. ಇವತ್ತು ಭಾನುವಾರ, ಬೆಳಗ್ಗೆ ಒಂದು ಕಾಗದ ಹಿಡಿದು ಬಂದರು. ಜವರಣ್ಣನೂ ಬಂದಿದ್ದ, ಹಜಾರದಲ್ಲಿ ಕೂತಿದ್ದ.

"ಸಾರ್, ನಿಮ್ ಬಾವೀಲಿ ಬಂಡೆ ಬಿತ್ತಂತೆ. ನೀರು ನೋಡೋರ್ನ ಕರ್ಸಿದ್ದೆ. ಕಡ್ಡಿ ಎಲ್ ನಿಲ್ತು ಗೊತ್ತಾ? ಸರೀಗೆ ನಿಮ್ಗೂ ನಮ್ಗೂ ಮಧ್ಯೆ, ಗೆರೆ ಮೇಲೆ! ಇಬ್ರೂ ಒಪ್ಪಿದ್ರೆ ಕಚೇರಿಯೋರು ಬುಡ್ತಾರಂತೆ. ತೋಡ್ಬುಡೋಣ ಸಾರ್, ಒಂದೇ ಬಾವಿ."

ನಾನು ಮಾತನಾಡುವ ಮೊದಲೇ ಜವರಣ್ಣ, "ಒಳ್ಳೇ ಮಾತಾಯ್ತಲ್ಲ! ಒಂದೇ ಬಾವಿ, ಒಂದೇ ರಾಟೆ. ಅಕ್ಕಪಕ್ಕ ಅಂದ್ಮ್ಯಾಲೆ ಇನ್ನೇನು. ಹಾಕು ಹಾಕು, ರುಜು ಹಾಕಪ್ಪ" ಎಂದ. ಅವನ ಮುಖದಲ್ಲಿ ಏನಾದರೂ ಇದೆಯೇ ಎಂದು ನೋಡಿದೆ. ಏನೂ ಇರಲಿಲ್ಲ, ಕಾಳಯ್ಯ. ಮರೆಮಾಚಿದ ಗುರುತೂ ಇರಲಿಲ್ಲ. ಅವನು ಮನಸಾರೆ ಸಂತೋಷವಾಗಿದ್ದ.

ಕಾಗದ ಇಟ್ಟು ಹೋಗಿ, ನೋಡಿ ಕೊಡುತ್ತೇನೆ ಎಂದೆ. ಚೆಲುವಯ್ಯ ನಗುತ್ತಲೇ, "ನೋಡೋದೇನ್ ಸಾರ್ ಅದ್ರಲ್ಲಿ" ಎಂದು ಹೋದರು. ಜವರಣ್ಣ ಊರಿಗೆ ಹೊರಟ. ಆಮೇಲೆ ವಸಂತಾ ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

"ರುಜು ಹಾಕೀಂದ್ರೆ. ನಲ್ಲಿ ಹತ್ರ ನಿಂತೂ ನಿಂತೂ ನನ್ ಸೊಂಟ ಹೋಯ್ತು."

"ಹಾಕಲ್ಲ ಅನ್ಸುತ್ತೆ."

"ಯಾಕೆ?"

ನಾನು ಕಾಗದವನ್ನು ಮಡಿಸತೊಡಗಿದೆ. ಅವಳೇ ಹೇಳಿದಳು: "ಬಾಯಿ ಬುಡ್ಬೇಕಾದ ದಿನ ಬುಡ್ಲಿಲ್ಲ. ಇವತ್ತು ಈ ಪಾಪದೋರ ಮೇಲೆ ಹಟ ಮಾಡಿದ್ರೆ ಅದು ಯಾರಿಗ್ರೀ ತಲುಪುತ್ತೆ? ಶಿವಮೊಗ್ಗಕ್ಕೆ ತಲುಪುತ್ತಾ?"

ಅವಳು ಹೇಳಿದ್ದು ಸರಿ. ಇಲ್ಲ ಎಂದರೆ ನೀರಿಲ್ಲದೆ ಕಷ್ಟಪಡುವವರು ಅವಳು ಮತ್ತು ಚೆಲುವಯ್ಯನವರ ಹೆಂಡತಿ. ಹೌದು ಎಂದರೆ, ನಿನಗೆ ಕೂಡದು ಎಂದು ನಾನು ಬರೆದ ನಿಯಮ ಯಾವುದಾಗಿತ್ತು ಎಂಬುದಕ್ಕೆ ನನ್ನ ಹಿತ್ತಲಲ್ಲೇ ಸಾಕ್ಷಿ ತೋಡಿದಂತೆ. ಬೆಳಗಾದರೆ ಅದರ ರಾಟೆಯ ಸದ್ದು ಕೇಳುತ್ತದೆ.

ಮಧ್ಯಾಹ್ನವೆಲ್ಲ ಆ ಕಾಗದವನ್ನು ಎದುರಿಗಿಟ್ಟುಕೊಂಡು ಕೂತಿದ್ದೆ. ಮೇಲೆ ಒಪ್ಪಿಗೆಯ ಜಾಗ, ಅದರಲ್ಲಿ ರುಜು ಒಂದೇ ಸಾಕು. ಕೆಳಗೆ ಹೀಗಿದೆ: 'ಪಕ್ಕದ ನಿವೇಶನದಾರರ ಆಕ್ಷೇಪಣೆ ಇದ್ದಲ್ಲಿ ಅದಕ್ಕೆ ಕಾರಣವನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.' ಅದರ ಮುಂದೆ ಎರಡು ಸಾಲಿನಷ್ಟು ಖಾಲಿ ಬಿಟ್ಟಿದ್ದಾರೆ. ನಿನ್ನ ವಿಷಯದಲ್ಲಿ ನಾನು ಇದನ್ನು ತುಂಬಬೇಕಾಗಿ ಬರಲೇ ಇಲ್ಲ. ಐದು ಅಡಿ ಬಿಟ್ಟವನನ್ನು ಯಾರೂ ಕಾರಣ ಕೇಳುವುದಿಲ್ಲ.

ನಾಳೆ ಬೆಳಗ್ಗೆ ಚೆಲುವಯ್ಯ ಬರುತ್ತಾರೆ. ಆ ಎರಡು ಸಾಲಿನಲ್ಲಿ ಏನು ಬರೆಯಲಿ, ಕಾಳಯ್ಯ?

ಬಸವರಾಜು